ಮೆಳೆ ಆಟದ ನಾಗಮಲ್ಲು

ನಾಗಮಲ್ಲುವನ್ನು ಹಿಡಿದುಕೊಂಡು ಹೋದ ಪೊಲೀಸರು ಹನ್ನೊಂದು ದಿನ ಇಟ್ಟುಕೊಂಡರು. ಮೊದಲ ಎರಡು ದಿನ ಅವರ ತಪ್ಪು. ಆಮೇಲಿನ ಒಂಬತ್ತು ದಿನ ನನ್ನ ತಪ್ಪು. ಬೀದಿಯವರು ಗ್ರಹಚಾರ ಅಂದರು, ಅವನು ಕೆಲಸಕ್ಕಿದ್ದ ಪ್ರೆಸ್ಸಿನ ಸಾವುಕಾರ ಕಾಲ ಕೆಟ್ಟಿದೆ ಅಂದ. ಎರಡೂ ಅಲ್ಲ. ನಾನು ಹೆದರಿಕೊಂಡು ಬಾಯಿ ಮುಚ್ಚಿಕೊಂಡೆ. ನಡೆದದ್ದು ಅಷ್ಟೇ.

ಅವನಿಗೊಂದು ಅಭ್ಯಾಸ ಇತ್ತು. ದಾರಿ ಎಲ್ಲಿ ತಿರುಗಿದರೂ ಎಡಗೈಯನ್ನು ಗೋಡೆಗೆ ಆನಿಸಿಕೊಂಡೇ ತಿರುಗುತ್ತಿದ್ದ. ಹಾಡುಹಗಲಲ್ಲೂ ಹಾಗೇ, ದಿನಾ ಓಡಾಡುವ ನಮ್ಮ ಗಲ್ಲಿಯಲ್ಲೂ ಹಾಗೇ. ಕೈ ತುಂಬ ಪ್ರೆಸ್ಸಿನ ಮಸಿ ಬೇರೆ. ಚಾಮರಾಜನಗರದ ನಮ್ಮ ಬೀದಿಯ ಮೂಲೆ ಮನೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಒಂದೇ ತಿಂಗಳಿಗೆ ಸೊಂಟದ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಕರೀ ಪಟ್ಟೆ ಮೂಡಿರುತ್ತಿತ್ತು. ಆ ಮನೆಯವನು, "ನಿನ್ ಕೈ ಮುರ್ದೋಗ, ಬೀದಿ ನಡುಮಧ್ಯ ನಡಿಯಕ್ಕೇನ್ಲಾ ರೋಗ?" ಎಂದು ಬಯ್ಯುತ್ತಿದ್ದ. ನಾಗಮಲ್ಲು ನಗುತ್ತಿದ್ದ. ನಗುತ್ತಲೇ ಇನ್ನೊಂದು ಗೋಡೆ ಮುಟ್ಟುತ್ತಿದ್ದ.

ಅವನು ನನಗೆ ಗುರುತಾದದ್ದು ಜಗಳದಿಂದ. ನನ್ನ ಮಗಳು ಜಯಳ ಲಗ್ನಪತ್ರಿಕೆಯನ್ನು ನಮ್ಮೂರ ಪ್ರೆಸ್ಸಿಗೆ ಕೊಟ್ಟಿದ್ದೆ. ಗುರುವಾರದ ಮದುವೆಯನ್ನು ಬುಧವಾರ ಅಂತ ಅಚ್ಚು ಹಾಕಿದ್ದರು. ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಅಷ್ಟು ಓದಲು ಬರುತ್ತಿತ್ತು. ಕಟ್ಟು ಹೊತ್ತುಕೊಂಡು ಹೋಗಿ ಸಾವುಕಾರನ ಮೇಜಿನ ಮೇಲೆ ಎಸೆದೆ. ಒಳಗಿನಿಂದ ಮೂವತ್ತು ಮೂವತ್ತೈದರ ಒಬ್ಬ ಬಡಕಲು ಗಂಡಸು ಬಂದು, "ಅಚ್ಚಿನ್ ಮೊಳೆ ಜೋಡ್ಸಿದ್ದು ನಾನೇ ಕಣವ್ವ, ಬಯ್ಯದ್ನೆಲ್ಲ ನಂಗೇ ಬಯ್ಯಿ" ಅಂದ. ಸಂಜೆಗೆ ಸರಿಯಾದ ಕಾರ್ಡು ಹೊತ್ತು ಮನೆಗೇ ತಂದ. ಹೋಗುವಾಗ ನಮ್ಮ ಮುಂದಿನ ಕೋಣೆ ನೋಡಿ, "ಬಾಡ್ಗೆಗ್ ಕೊಟ್ಟೀಯಾ?" ಎಂದು ಕೇಳಿದ. ಕೊಟ್ಟೆ. ಜಯ ಮದುವೆಯಾಗಿ ಗುಂಡ್ಲುಪೇಟೆಗೆ ಹೋದಳು. ಮನೆಯಲ್ಲಿ ನಾನು, ನಾನು ಕಟ್ಟಿ ಮಾರುವ ಹೂವು, ಮುಂದಿನ ಕೋಣೆಯಲ್ಲಿ ಇವನು.

ಇವನ ಊರು ಪುಣಜನೂರು, ಸತ್ಯಮಂಗಲದ ರಸ್ತೆಯಲ್ಲಿ ಕಾಡಿಗೆ ಅಂಟಿಕೊಂಡಿರುವ ಊರು. ಎಂಟು ವರ್ಷದವನಿದ್ದಾಗ ತಪ್ಪಿಸಿಕೊಂಡ ಹಸು ಹುಡುಕುತ್ತ ಲಾಂಟಾನದ ಮೆಳೆಯೊಳಕ್ಕೆ ನುಗ್ಗಿದ್ದನಂತೆ. ಆ ಮೆಳೆ ನೋಡಿದವರಿಗೇ ಗೊತ್ತು. ಆಳೆತ್ತರದ ಮುಳ್ಳು ಪೊದೆ, ಅದರೊಳಗೆ ಆನೆ ನಡೆದು ಮಾಡಿದ ದಾರಿ, ಹಂದಿ ನುಸುಳಿದ ಕಂಡಿ, ಒಂದರಂತೆಯೇ ಇನ್ನೊಂದು. ಒಳಗೆ ಹೋದವನು ಬಂದ ದಾರಿಯನ್ನೇ ಮತ್ತೆ ಮತ್ತೆ ತುಳಿಯುತ್ತಾನೆ.

"ಅತ್ರೆ ಆನೆಗ್ ಕೇಳ್ತದೆ ಅಂತ ಅಳ್ನಿಲ್ಲ ಕಣವ್ವ," ಅನ್ನುತ್ತಿದ್ದ. "ಎಡಗೈಲಿ ಮುಳ್ಳ ಮುಟ್ಕಂಡೆ. ಬುಡ್ನಿಲ್ಲ. ಮೆಳೆ ಎತ್ತಗ್ ತಿರುಗ್ತದೋ ಅತ್ತಗೇ ನಾನೂ ತಿರುಗ್ದೆ. ಮಾರ್ನೇ ದಿನ ಬೈಗೊತ್ಗೆ ಟಾರ್ ರೋಡು ಸಿಕ್ತು. ಕೈ ಬುಟ್ಟಿದ್ರೆ ನಾನ್ ಇಲ್ಲ."

ಎಡ ಅಂಗೈ ತೋರಿಸುತ್ತಿದ್ದ. ಗೀರುಗಳು ಬೆಳ್ಳಗೆ ಹಾಗೇ ಇದ್ದವು.

ಆ ಹೆದರಿಕೆಯಿಂದಲೇ ಅವನು ಆಟ ಕಟ್ಟಿದ. ಹೆದರಿಕೆ ಮೈಯಿಂದ ಇಳಿಯಲಿ ಅಂತಲೋ, ನಮಗೂ ಹತ್ತಲಿ ಅಂತಲೋ, ನನಗೆ ಗೊತ್ತಿಲ್ಲ. ಹೆಸರು ಮೆಳೆ ಆಟ. ಪ್ರೆಸ್ಸಿಗೆ ರಜ ಇದ್ದ ದಿನ ಸಾವುಕಾರನ ಕೈಕಾಲು ಹಿಡಿದು, ರಸೀದಿ ಪುಸ್ತಕಕ್ಕೆ ಗೆರೆ ಹಾಕುವ ಸೀಸದ ಪಟ್ಟಿಗಳನ್ನು ಜೋಡಿಸಿ ದಾರಿಗಳ ಚಿತ್ರ ಮಾಡಿ, ಕೆಟ್ಟುಹೋದ ಲಗ್ನಪತ್ರಿಕೆಗಳ ಬೆನ್ನಿಗೆ ಅಚ್ಚು ಹಾಕುತ್ತಿದ್ದ. ಒಂದು ಪತ್ರಿಕೆಗೆ ನಾಲ್ಕು ಚೌಕ, ಒಂಬತ್ತು ಪತ್ರಿಕೆಗೆ ಮೂವತ್ತಾರು. ಒಂದೊಂದು ಚೌಕದಲ್ಲೂ ಮೆಳೆಯ ಒಂದೊಂದು ತುಂಡು. ನೇರ ದಾರಿ, ಕವಲು ದಾರಿ, ಮುಂದೆ ದಾರಿಯೇ ಇಲ್ಲದ್ದು, ನೀರಿನ ಗುಂಡಿ, ಆನೆ. ಆನೆಗೆ ಬೇರೆ ಚಿತ್ರ ಎಲ್ಲಿಂದ ತರುತ್ತಾನೆ? ಮದುವೆ ಕಾರ್ಡಿನ ಮೇಲೆ ಹಾಕುವ, ಸೊಂಡಿಲಲ್ಲಿ ಹಾರ ಹಿಡಿದ ಆನೆಯ ಬ್ಲಾಕನ್ನೇ ಒತ್ತಿದ್ದ. ಹಾರ ಹಿಡಿದ ಆನೆಯನ್ನು ನೋಡಿ ನಮ್ಮಷ್ಟು ಹೆದರಿದವರು ಪ್ರಪಂಚದಲ್ಲಿ ಯಾರೂ ಇರಲಿಕ್ಕಿಲ್ಲ.

ಹಾಳೆಗಳನ್ನು ಅವನು ಕತ್ತರಿಸಿ ಕೊಡುತ್ತಿರಲಿಲ್ಲ. "ಆಡೋರೇ ಕತ್ರುಸ್ಬೇಕು. ಕತ್ರುಸ್ವಾಗ್ಲೇ ದಾರಿ ಕಣ್ಗೆ ಬೀಳ್ತದೆ" ಅನ್ನುವುದು ಅವನ ಕಾನೂನು. ನಾನು ಹೂವಿನ ಕತ್ತರಿಯಲ್ಲೇ ಕತ್ತರಿಸಿಕೊಂಡೆ. ದಾಳವನ್ನು ಮಾತ್ರ ಅವನೇ ಮಾಡುತ್ತಿದ್ದ. ಅಚ್ಚುಮೊಳೆಗಳ ನಡುವೆ ಖಾಲಿ ಜಾಗಕ್ಕೆ ತುಂಬುವ ಸೀಸದ ತುಂಡುಗಳಿರುತ್ತವೆ. ಸವೆದು ಬಿಸಾಡಿದ ಅಂಥ ತುಂಡನ್ನು ಅರದಲ್ಲಿ ಉಜ್ಜಿ ಚೌಕ ಮಾಡಿ, ಕಬ್ಬಿಣದ ಮೊಳೆಯಿಂದ ಗುಳಿ ತೆಗೆಯುತ್ತಿದ್ದ. ಬೆರಳ ತುದಿಯಷ್ಟಿದ್ದರೂ ಭಾರ. ಉರುಳುತ್ತಿರಲಿಲ್ಲ, ಠಪ್ ಎಂದು ಬಿದ್ದ ಕಡೆಯೇ ಕೂರುತ್ತಿತ್ತು.

ಆಟಕ್ಕೆ ಕೂತಾಗ ಒಬ್ಬೊಬ್ಬರಿಗೂ ಆರು ಅವರೆಕಾಳು. ಅದು ಉಸಿರು. ಕಾರ್ಡುಗಳನ್ನು ಬೋರಲು ಹಾಕಿ, ದಾಳದಲ್ಲಿ ಎಷ್ಟು ಬಿದ್ದರೆ ಅಷ್ಟನ್ನು ತೆರೆದು ನೆಲದ ಮೇಲೆ ಒಂದಕ್ಕೊಂದು ಜೋಡಿಸುತ್ತ ಹೋಗಬೇಕು. ಹಾಗೇ ಮೆಳೆ ಬೆಳೆಯುತ್ತ ಹೋಗುತ್ತದೆ. ಕವಲು ಬಂದರೆ ಎಡಕ್ಕೋ ಬಲಕ್ಕೋ, ಆಡುವವರೇ ಆರಿಸಿಕೊಳ್ಳಬೇಕು. ದಾರಿ ಮುಚ್ಚಿದರೆ ಒಂದು ಉಸಿರು ಹೋಯಿತು. ಆನೆ ಬಂದರೆ ಮೂರು. ಟಾರು ರೋಡಿನ ಕಾರ್ಡು ಒಂದೇ ಒಂದು. ಉಸಿರು ಮುಗಿಯುವುದರೊಳಗೆ ಅದು ಸಿಕ್ಕರೆ ಬದುಕಿದೆ.

ನಾನು, ಪಕ್ಕದ ಮನೆಯ ರಾಜಮ್ಮ, ಅವನು, ಮೂವರೂ ಜಗಲಿಯ ಮೇಲೆ ಆಡುತ್ತಿದ್ದೆವು. ಅವನು ದನಿ ತಗ್ಗಿಸಿ, "ಈಗ ಗಾಳಿ ನಿಂತೋಯ್ತು... ಎಲೆ ಅಳ್ಳಾಡ್ತಿಲ್ಲ... ಸೊಪ್ ಮುರ್ದ ಸದ್ದು..." ಎಂದು ಶುರು ಮಾಡಿದರೆ ರಾಜಮ್ಮ ಕಾರ್ಡು ತೆರೆಯದೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

"ಸುಮ್ಕಿರ್ಲಾ ಮೂದೇವಿ! ಬರೀ ಕಾರ್ಡು ಅಂತ ಗೊತ್ತಿದ್ರೂವೆ ಎದೆ ಡವಡವ ಅಂತದೆ," ಎಂದು ಬಯ್ಯುತ್ತಿದ್ದಳು.

"ಬರೀ ಕಾರ್ಡಾದ್ರೆ ತಗಿ ಮತ್ತೆ, ಯಾಕ್ ನಿಂತ್ಕಂಡೆ?"

ಒಂದು ದಿನ ರಾಜಮ್ಮನಿಗೆ ಎರಡು ಸಲ ಆನೆ ಬಂತು. ಆರೂ ಉಸಿರು ಹೋಯಿತು. ಅವತ್ತು ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಲಿಗೆ ಹೋಗಲು ನನ್ನನ್ನು ಜೊತೆಗೆ ಕರೆದಳು. ಐದು ಮಕ್ಕಳ ತಾಯಿ! ನಕ್ಕೆ. ಆದರೆ ಹೋಗುವಾಗ ನಾನೂ ದೊಣ್ಣೆ ಹಿಡಿದಿದ್ದೆ.

ಶ್ರಾವಣದಲ್ಲಿ ಒಮ್ಮೆ ಮೂವರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ದೇವರ ದರ್ಶನ ಮುಗಿಸಿ ಮೆಟ್ಟಿಲು ಇಳಿಯುವಾಗ ಮಂಜು ಕವಿಯಿತು. ಪಕ್ಕದಲ್ಲಿದ್ದವರ ಮುಖ ಕಾಣದಷ್ಟು. ನಾಗಮಲ್ಲು ಅಲ್ಲೇ ಕುಕ್ಕರಿಸಿ ನಮ್ಮಿಬ್ಬರ ಸೆರಗನ್ನೂ ಹಿಡಿದು ಕೂರಿಸಿಬಿಟ್ಟ. ಬೆವರುತ್ತಿದ್ದ, ಆ ಚಳಿಯಲ್ಲಿ. "ಕೆಳಗ್ ಏನೋ ಅದೆ, ಓಗ್ಬ್ಯಾಡಿ" ಅಂದ. ಜನ ನಮ್ಮನ್ನು ದಾಟಿಕೊಂಡು ನಗುತ್ತ ಹೋದರು. ಅರ್ಧ ಗಂಟೆ ಕೂತೆವು. ಮಂಜು ಸರಿಯಿತು. ಕೆಳಗೆ ಒಂದು ಹಸು ನಿಂತಿತ್ತು, ಯಾರೋ ಕೊಟ್ಟ ಬಾಳೆಹಣ್ಣಿನ ಸಿಪ್ಪೆ ತಿನ್ನುತ್ತಿತ್ತು.

"ನೋಡ್ದಾ ನಿನ್ ಆನೆಯ?" ಅಂದೆ.

"ಆನೆ ಇರ್ನಿಲ್ಲ ಅಂತ ಈಗ ಗೊತ್ತಾಯ್ತು ಕಣವ್ವ. ಆಗ ಗೊತ್ತಿತ್ತಾ?" ಅಂದ.

ಅವನ ಮಾತೆಲ್ಲ ಹಾಗೇ. ನಗು ಬರುವ ಹೊತ್ತಿಗೆ ನಿಜವೂ ಅನ್ನಿಸುತ್ತಿತ್ತು.

ಆ ವರ್ಷಗಳಲ್ಲಿ ಪುಣಜನೂರಿನಿಂದಾಚೆಯ ಕಾಡಿನಲ್ಲಿ ದಂತ, ಗಂಧ ಕದಿಯುವ ಬಂದೂಕಿನ ಗುಂಪು ಅಡಗಿತ್ತು. ಅವರನ್ನು ಹಿಡಿಯಲು ಪೊಲೀಸರು ರಸ್ತೆಯುದ್ದಕ್ಕೂ ಡೇರೆ ಹಾಕಿಕೊಂಡಿದ್ದರು. ಆ ಗುಂಪಿಗೆ ಅಕ್ಕಿ ಕೊಟ್ಟ ಅನುಮಾನಕ್ಕೂ ಜನರನ್ನು ಒಯ್ಯುತ್ತಿದ್ದರು. ಹೋದವರು ಬಂದರೆ ಮಾತಾಡುತ್ತಿರಲಿಲ್ಲ, ಕೆಲವರು ಬರುತ್ತಲೇ ಇರಲಿಲ್ಲ. ನಮ್ಮ ಬೀದಿಗೆ ಜೀಪು ತಿರುಗಿದರೆ ಸಾಕು, ಜಗಲಿಯ ಮೇಲಿದ್ದವರೆಲ್ಲ ಒಳಗೆ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಅಂಥ ದಿನಗಳಲ್ಲಿ ಒಂದು ಭಾನುವಾರ ನಾಗಮಲ್ಲು ಅಕ್ಕನ ಮಕ್ಕಳಿಗೂ ಅವರ ಜೊತೆಗಾರರಿಗೂ ಕೊಡಲೆಂದು ಆರು ಆಟಕ್ಕಾಗುವಷ್ಟು ಹಾಳೆ, ಹನ್ನೆರಡು ದಾಳ ಚೀಲಕ್ಕೆ ತುಂಬಿಕೊಂಡು ಪುಣಜನೂರಿನ ಬಸ್ಸು ಹತ್ತಿದ. ಡೇರೆಯ ಹತ್ತಿರ ಬಸ್ಸು ನಿಲ್ಲಿಸಿ ಚೀಲ ಸುರಿಸಿದರು. ಏನು ಬಿತ್ತು? ಕಾಡಿನ ದಾರಿಗಳ ಚಿತ್ರ, ನೀರಿನ ಗುಂಡಿಯ ಗುರುತು, ಆನೆಯ ಗುರುತು. ಹನ್ನೆರಡು ತುಂಡು ಸೀಸ. ನಾಡಬಂದೂಕಿಗೆ ಸೀಸ ಕರಗಿಸಿಯೇ ಗುಂಡು ಮಾಡುವುದು. ಹಾಳೆ ತಿರುಗಿಸಿದರೆ ಹೆಸರುಗಳ ಪಟ್ಟಿ.

ನಾನು ಹೆದರಿದ್ದು ಆ ಪಟ್ಟಿಗೇ. ಅವನು ಅಚ್ಚು ಹಾಕಿದ್ದು ಕೆಟ್ಟ ಲಗ್ನಪತ್ರಿಕೆಗಳ ಬೆನ್ನಿಗೆ ತಾನೆ? ಬುಧವಾರ ಅಂತ ಕೆಟ್ಟ ಜಯಳ ಪತ್ರಿಕೆಯ ಕಟ್ಟಿಗೆ ಕಟ್ಟೇ ಅವನ ಹತ್ತಿರ ಇತ್ತು. 'ಸುಖಾಗಮನವನ್ನು ಬಯಸುವವರು' ಎಂಬುದರ ಕೆಳಗೆ ನನ್ನ ಹೆಸರು, ಬೀಗರ ಹೆಸರು, ಅಳಿಯನ ಅಣ್ಣತಮ್ಮಂದಿರ ಹೆಸರು, ಊರು ಸಮೇತ.

ಸೋಮವಾರ ಸಂಜೆ ಪ್ರೆಸ್ಸಿನ ಸಾವುಕಾರ ಬಂದ. ಒಳಗೆ ಬಂದು ಬಾಗಿಲು ಹಾಕಿಕೊಂಡು ಮಾತಾಡಿದ.

"ಚಿಕ್ಕತಾಯಮ್ಮೋರೆ, ಅವ್ನು ಆಟ ಅಂತವ್ನೆ. ಅವ್ರು ನಂಬ್ತಿಲ್ಲ. ಆಡ್ದೋರ್ ಯಾರಾರ ಬಂದು ಯೋಳುದ್ರೆ ಬುಡ್ತೀವಿ ಅಂದವ್ರಂತೆ. ಅವ್ನು ನಿಮ್ಮೆಸ್ರು ಯೋಳವ್ನೆ. ಕತ್ರುಸಿರೋ ಕಾರ್ಡು, ಅವರೆಕಾಳು ನಿಮ್ಮನೇಲ್ ಅವಂತಲ್ಲ, ತಕ್ಕಂಡೋಗಿ ತೋರ್ಸಿ."

"ನೀವೇ ಓಗಿ. ಅಚ್ಚಾಕಿದ್ದು ನಿಮ್ ಮಿಷನ್ನು," ಅಂದೆ.

"ಅದ್ಕೇ ಕಣಮ್ಮ ಓಗಕ್ಕಾಗಲ್ಲ! ನಾ ಓದ್ರೆ ಮಿಷನ್ನೂ ಒತ್ಕಂಡೋಯ್ತಾರೆ. ನೀವು ಎಂಗಸ್ರು, ವಯ್ಸಾದೋರು. ನಿಮ್ಮ ಮಾತ ನಂಬ್ತಾರೆ."

"ಆಯ್ತು, ನಾಳೆ ಓಯ್ತೀನಿ," ಎಂದೆ. ಅವನು ಕೈ ಮುಗಿದು ಹೋದ.

ಅವನ ಚಪ್ಪಲಿ ಸದ್ದು ಗಲ್ಲಿ ದಾಟುವ ಮೊದಲೇ ನಾನು ಒಲೆಯ ಮುಂದೆ ಕೂತಿದ್ದೆ. ಮೂವತ್ತಾರು ಕಾರ್ಡನ್ನೂ ಒಂದೊಂದಾಗಿ ಒಲೆಗೆ ಹಾಕಿದೆ. ದಪ್ಪ ಕಾಗದ, ಬೇಗ ಹತ್ತಲಿಲ್ಲ. ನನ್ನ ಹೆಸರಿದ್ದ ತುಂಡುಗಳು ಮುರುಟಿಕೊಂಡು ಕೊನೆಗೆ ಉರಿದವು. ದಾಳ ಎರಡನ್ನೂ ಅದರ ಹಿಂದೆಯೇ ಎಸೆದೆ. ಅಲ್ಲೇ ನಾನು ಕೆಟ್ಟೆ. ಸೀಸ ಸುಡುವುದಿಲ್ಲ, ಕರಗುತ್ತದೆ. ಬೂದಿ ಕೆದಕಿದರೆ ಹುಣಸೆ ಬೀಜದಷ್ಟು ದಪ್ಪದ ಗುಂಡು ಗುಂಡನೆಯ ಹನಿಗಳು ಫಳಫಳ ಅಂತಿವೆ. ಆಟದ ದಾಳವಾಗಿ ಇದ್ದದ್ದನ್ನು ನಾನೇ ಕೈಯಾರೆ ಬಂದೂಕಿನ ಗುಂಡು ಮಾಡಿ ಕೂತಿದ್ದೆ. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ಬಿಸಿ ಹನಿಗಳನ್ನು ಸೆರಗಲ್ಲೇ ಹಿಡಿದು ಹಿತ್ತಲಿನ ಬಚ್ಚಲ ಗುಂಡಿಗೆ ಹಾಕಿದೆ. ಸೆರಗು ತೂತಾಯಿತು. ಬಂದ ಗಾಡಿ ಸೀಮೆಎಣ್ಣೆಯದು.

ಮಂಗಳವಾರ ಬೆಳಗ್ಗೆ ಪುಣಜನೂರಿನ ಬಸ್ಸು ಪಕ್ಕದಲ್ಲೇ ನಿಂತಿತ್ತು. ನಾನು ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

"ಅಬ್ಬ ಇಲ್ಲ ಉಣ್ಮೆ ಇಲ್ಲ, ಏನವ್ವ ಬಂದ್ಬುಟ್ಟೆ?" ಎಂದಳು ಜಯ.

"ನನ್ ಮಗಳ ಮನ್ಗೆ ಬರಕ್ಕೆ ಪಂಚಾಂಗ ನೋಡ್ಬೇಕಾ?" ಎಂದೆ.

ಅಲ್ಲೂ ಅನ್ನ ಇಳಿಯಲಿಲ್ಲ. ಊಟಿ ರಸ್ತೆಯಲ್ಲಿ ಹೋಗುವ ಪ್ರತಿಯೊಂದು ಜೀಪೂ ನನಗಾಗಿಯೇ ಬಂದಂತಿತ್ತು. ಅಳಿಯ ಹೈಸ್ಕೂಲಿನಲ್ಲಿ ಅಟೆಂಡರು. ಸಂಜೆ ಐದು ನಿಮಿಷ ತಡವಾದರೆ ಅವನನ್ನೂ ಹಿಡಿದರು ಎಂದೇ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಜಯಳ ಟ್ರಂಕಿನಿಂದ ಅವಳ ಲಗ್ನಪತ್ರಿಕೆ ತೆಗೆದು ಹೆಸರುಗಳನ್ನು ಬೆರಳಿಟ್ಟು ಓದುತ್ತ ಕೂತಿದ್ದಾಗ ಅವಳ ಕೈಗೆ ಸಿಕ್ಕಿಬಿದ್ದೆ. ಎಲ್ಲ ಹೇಳಿದೆ.

"ಊರ್ಗೆಲ್ಲ ಅಂಚಿದ್ ಕಾರ್ಡು ಕಣವ್ವ ಅದು! ಅದ್ರಲ್ಲಿ ಎಸ್ರು ಇದ್ದುದ್ಕೆ ಇಡ್ಕಂಡೋಗದಾದ್ರೆ ಅರ್ಧ ತಾಲ್ಲೂಕು ಒಳಗಿರ್ಬೇಕು. ಪುರೋಯಿತ್ರನ್ನೂ ಇಡೀಬೇಕು. ಓಗಿ ಆಟ ಅಂತ ಯೋಳ್ಬುಟ್ ಬರಕ್ಕೇನಾಗಿತ್ತು ನಿಂಗೆ?"

ಸರಿಯಾಗೇ ಹೇಳಿದ್ದಳು. ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಎರಡು ದಿನ ಅಲ್ಲೇ ಇದ್ದೆ. ಗೊತ್ತಾದ ಕೂಡಲೇ ಹೆದರಿಕೆ ಹೋಗುತ್ತದೆ ಅನ್ನುವವರು ಹೆದರಿದವರಲ್ಲ. ಹೋಗಿ ಸರಿಯಾಗಿ ಒಂದು ವಾರಕ್ಕೆ, ಮಂಗಳವಾರ, ಚಾಮರಾಜನಗರಕ್ಕೆ ಬಂದೆ. ಬುಧವಾರ ಬೆಳಗ್ಗೆ ಪುಣಜನೂರಿಗೆ ಹೋಗುವುದು ಅಂತ ಗಟ್ಟಿ ಮಾಡಿಕೊಂಡೆ. ಬುಧವಾರ ಬೆಳಗ್ಗೆ ಮಂಡಿ ನೋಯುತ್ತಿದೆ ಎಂದು ಮಲಗಿಕೊಂಡೆ. ಮಂಡಿ ನೋಯುತ್ತಿರಲಿಲ್ಲ.

ಮಧ್ಯಾಹ್ನ ನಾಗಮಲ್ಲುವೇ ಬಂದ. ಗಡ್ಡ ಬೆಳೆದಿತ್ತು. ಎಡಗೈಯ ಬೆರಳುಗಳು ಬದನೆಕಾಯಿಯ ಹಾಗೆ ಊದಿಕೊಂಡು ಮಡಚಲು ಆಗುತ್ತಿರಲಿಲ್ಲ. ಅಚ್ಚುಮೊಳೆ ಜೋಡಿಸುವವನು ಮೊಳೆಗಳನ್ನು ಸಾಲಾಗಿ ಕೂರಿಸುವ ಕಂಪೋಸಿಂಗ್ ಸ್ಟಿಕ್ಕು ಹಿಡಿಯುವುದು ಆ ಕೈಯಲ್ಲೇ. ಏನಾಯಿತು ಎಂದು ನಾನು ಕೇಳಲಿಲ್ಲ. ಮುದ್ದೆ ಇಟ್ಟೆ, ಉಂಡ. ಉಂಡ ಮೇಲೆ ತಾನಾಗಿಯೇ ಶುರು ಮಾಡಿದ.

"ನೆನ್ನೆ ಒಸಬ್ರು ಒಬ್ಬ ಸಾಯೇಬ್ರು ಬಂದ್ರು ಕಣವ್ವ. ಆಟ ಅಂತೀಯಲ್ಲ, ಆಡಿ ತೋರ್ಸು ಅಂದ್ರು. ಅವರೆಕಾಳ್ ಇರ್ನಿಲ್ಲ. ಸಾಯೇಬ್ರೇ ಬಂದೂಕಿನ್ ತೋಟಾ ಆರಾರು ಎಣ್ಸಿ ಇಟ್ರು, ನಂಗಾರು, ಅವ್ರ್ಗಾರು. ನನ್ ಜೀವ ಬಾಯ್ಗ್ ಬಂತು. ಅವ್ರೇ ಗೆಲ್ಲಲಿ ದೇವ್ರೆ ಅಂತ ಬೇಡ್ಕಂಡು ದಾಳ ಬುಟ್ಟೆ."

"ಗೆದ್ರಾ?"

"ಎಲ್ಲಿ ಗೆದ್ದಾರು! ಬರೀ ಬಲಕ್ಕೇ ತಿರುಗ್ತಾರೆ. ಎರಡ್ ಆನೆ ಬಂತು, ಆರೂ ಉಸುರು ಓಯ್ತು. ಡೇರೇಲಿ ಒಬ್ರೂ ಉಸ್ರೆತ್ತಂಗಿಲ್ಲ. ನಾ ಕಣ್ ಮುಚ್ಕಂಡೆ. ಆಮ್ಯಾಕೆ ಸಾಯೇಬ್ರು ನಗಕ್ ಇಡ್ಕಂಡ್ರು. ಲೇ, ಹಾರ ಹಿಡ್ಕೊಂಡು ಬಂದು ಸಾಯಿಸ್ತಲ್ಲೋ ನಿನ್ನಾನೆ ಅಂದ್ರು. ಬೆಳಗ್ಗೆ ಬುಟ್ಬುಟ್ರು."

ಅವನು ನಕ್ಕ. ನಾನೂ ನಗಬೇಕಿತ್ತು. ಆಮೇಲೆ ಅವನು ತಟ್ಟೆ ನೋಡುತ್ತ ಹೇಳಿದ, "ನೀನು ಬತ್ತೀಯ ಅಂತ ಯೋಳಿದ್ದೆ ಅವ್ರ್ಗೆ. ದಿನಾ ಬಸ್ ನಿಲ್ಲೋ ಸದ್ ಕೇಳ್ತಿದ್ದೆ."

"ಬರ್ನಿಲ್ಲ ಕಣ್ಲಾ. ಎದ್ರುಕಂಡೆ. ಕಾರ್ಡನ್ನೂ ಸುಟ್ಬುಟ್ಟೆ," ಎಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಎದ್ರುಕೊಳ್ಳದು ತೆಪ್ಪಲ್ಲ ಬುಡವ್ವ," ಅಂದ. ಟ್ರಂಕು ಕಟ್ಟಿಕೊಂಡ. ಪ್ರೆಸ್ಸಿಗೆ ಇನ್ನು ಈ ಕೈ ಆಗುವುದಿಲ್ಲ, ಕೇರಳದ ಬತ್ತೇರಿ ಕಡೆ ಶುಂಠಿ ತೋಟದಲ್ಲಿ ಕಾವಲು ಕೆಲಸ ಇದೆಯಂತೆ, ಅಲ್ಲಿಗೆ ಹೋಗುತ್ತೇನೆ ಎಂದ. ಟ್ರಂಕನ್ನು ಬಲಗೈಯಲ್ಲಿ ಹಿಡಿದು ಬೀದಿಯ ನಡುಮಧ್ಯದಲ್ಲಿ ನಡೆದು ಹೋದ. ಮತ್ತೆ ಅವನನ್ನು ನಾನು ನೋಡಲಿಲ್ಲ. ಪುಣಜನೂರಿನ ಅವನ ಅಕ್ಕನಿಗೂ ಸುದ್ದಿ ಇಲ್ಲ ಎಂದು ಆಮೇಲೆ ಕೇಳಿದೆ.

ಮಾರನೇ ದಿನ ಬೆಳಗ್ಗೆ ಹೂವಿನ ಬುಟ್ಟಿ ರಾಜಮ್ಮನಿಗೆ ಒಪ್ಪಿಸಿ ಮೊದಲ ಬಸ್ಸಿಗೇ ಪುಣಜನೂರಿನ ಕಡೆ ಹೋದೆ. ಡೇರೆಯ ಹತ್ತಿರ ಇಳಿದೆ. ಮೇಜಿನ ಹಿಂದೆ ಕೂತು ಚಾ ಕುಡಿಯುತ್ತಿದ್ದ ಪೊಲೀಸಿನವನು, "ಯಾರು ಬೇಕಮ್ಮ?" ಎಂದ.

"ನಾಗಮಲ್ಲು ಅನ್ನೋನ್ ಇಡ್ಕಂಡಿದ್ರಲ್ಲ, ಅವ್ನ್ ಇಸ್ಯ ಯೋಳಕ್ ಬಂದಿವ್ನಿ."

"ಅವನನ್ನ ನಿನ್ನೇನೇ ಬಿಟ್ಟಾಯ್ತಲ್ಲಮ್ಮ. ಮನೆಗೆ ಹೋಗಿ."

"ಗೊತ್ತು. ಅದು ಆಟ. ಅವ್ನ್ ಜೊತೆ ನಾನೂ ಆಡಿವ್ನಿ. ಆ ಕಾರ್ಡಿನ ಇಂದ್ಗಡೆ ಇರೋ ಚಿಕ್ಕತಾಯಮ್ಮ ನಾನೇಯ. ಬರ್ಕೊಳಿ."

"ಈಗ ಬರ್ಕೊಂಡು ಏನಮ್ಮ ಮಾಡೋದು? ಕೇಸೇ ಇಲ್ಲ."

"ಬರ್ಕೊಳೋಗಂಟ ನಾ ಓಗಲ್ಲ," ಎಂದು ಅವನ ಮೇಜಿನ ಮುಂದೆ ನೆಲದ ಮೇಲೆ ಕೂತೆ. ಅವನು ಚಾ ಮುಗಿಸಿದ. ಎರಡು ಲಾರಿ ತಪಾಸಣೆ ಮಾಡಿ ಬಂದ. ನಾನು ಕೂತೇ ಇದ್ದೆ. ಕೊನೆಗೆ ಬೇಸತ್ತು ಒಂದು ಪುಸ್ತಕ ಎಳೆದುಕೊಂಡು ನನ್ನ ಹೆಸರು, ನನ್ನ ಬೀದಿ, ಅದು ಆಟ ಅನ್ನುವುದು, ಮೂರನ್ನೂ ಬರೆದ. ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡು, ಅದರ ಕೆಳಗೆ ಹೆಬ್ಬೆಟ್ಟು ಒತ್ತದೆ ಅಕ್ಷರದಲ್ಲೇ ರುಜು ಹಾಕಿ ಎದ್ದು ಬಂದೆ.